ಸುತ್ತಾಟಕ್ಕೂ ಇರಲಿ ಒಂದು ಲೆಕ್ಕ

ಡಿಸೆಂಬರ್ ಬಂತೆಂದರೆ ಮೊಬೈಲಿನಲ್ಲಿ ವರ್ಷದ ಫೋಟೊಗಳನ್ನು ಸರಿಸುತ್ತಾ ಕೂರುವುದು ಎಲ್ಲರಿಗೂ ಇಷ್ಟ. ಈ ಸಲ ಪಕ್ಕದಲ್ಲೊಂದು ನೋಟ್‌ಬುಕ್ಕನ್ನೂ ಇಟ್ಟುಕೊಳ್ಳಿ. ಎಲ್ಲಿಗೆ ಹೋಗಿದ್ದಿರಿ ಎನ್ನುವುದಕ್ಕಿಂತ ಯಾವ ತಿಂಗಳಲ್ಲಿ ಹೋಗಿದ್ದಿರಿ, ಆಗ ಏನು ಕಂಡಿರಿ ಎಂಬುದನ್ನು ಬರೆದಿಡಿ.

ಜೋಗವನ್ನೇ ತೆಗೆದುಕೊಳ್ಳಿ. ಮಾರ್ಚಿನಲ್ಲಿ ಹೋಗಿ ‘ಇಷ್ಟೇನಾ?’ ಎಂದು ಮುಖ ಸಣ್ಣದು ಮಾಡಿಕೊಂಡು ಬರುವವರು ಬಹಳ ಮಂದಿ. ತಪ್ಪು ಜಲಪಾತದ್ದಲ್ಲ. ಮೇಲ್ಗಡೆ ಲಿಂಗನಮಕ್ಕಿ ಅಣೆಕಟ್ಟು ವಿದ್ಯುತ್ತಿಗಾಗಿ ಶರಾವತಿಯನ್ನು ಹಿಡಿದಿಟ್ಟುಕೊಂಡಿರುತ್ತದೆ. ಬೇಸಿಗೆಯಲ್ಲಿ ರಾಜ, ರಾಣಿ, ರೋರರ್, ರಾಕೆಟ್ ಎಲ್ಲವೂ ಬಂಡೆಯ ಮೇಲಿನ ಬಿಳಿ ಗೆರೆಗಳಷ್ಟೇ. ಆಗಸ್ಟಿನಲ್ಲಿ ಹೋದರೆ ಮಂಜು ಸರಿಯುವವರೆಗೆ ಕಾಯಬೇಕಾದೀತು. ಕಾದರೆ ಮೋಸವಿಲ್ಲ. ಮದ್ದೂರಿನ ಹತ್ತಿರದ ಕೊಕ್ಕರೆ ಬೆಳ್ಳೂರಿನದು ಇದಕ್ಕೆ ತದ್ವಿರುದ್ಧ: ಅಲ್ಲಿ ಚಳಿ ಬಿದ್ದ ಮೇಲೇ ಮನೆಯಂಗಳದ ಹುಣಸೆಮರಗಳಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳ ಸಂಸಾರ.

ರಸ್ತೆಯ ವಿಷಯವೂ ಇರಲಿ. ಬಂಡೀಪುರದ ಕಾಡುದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನಗಳಿಗೆ ಬಂದ್. ಗುಂಡ್ಲುಪೇಟೆಯಲ್ಲಿ ಊಟಕ್ಕೆ ಆರಾಮಾಗಿ ಕೂತವರಿಗೆ ಗೇಟಿನಲ್ಲೇ ಜಾಗರಣೆ. ಪ್ರಾಣಿಗಳಿಗೆ ಅಷ್ಟಾದರೂ ನೆಮ್ಮದಿ ಬೇಡವೇ? ಘಟ್ಟದ ಯಾವ ತಿರುವಿನಲ್ಲಿ ಮಗುವಿಗೆ ವಾಂತಿಯಾಯಿತು, ಯಾವ ಬಂಕಿನ ಶೌಚಾಲಯ ಚೊಕ್ಕಟವಾಗಿತ್ತು ಎಂಬುದೂ (ನಗಬೇಡಿ) ಬರೆಯತಕ್ಕದ್ದೇ.

ಹೊಸ ಕ್ಯಾಲೆಂಡರ್ ಗೋಡೆಗೆ ನೇತುಹಾಕುವ ಮುನ್ನ ಈ ಟಿಪ್ಪಣಿಯನ್ನೊಮ್ಮೆ ಓದಿ, ಜೋಗಕ್ಕೆಂದು ಮಳೆಗಾಲದ ಎರಡು ದಿನ ಈಗಲೇ ಗುರುತು ಹಾಕಿಡಿ.