ಕಷ್ಟದ ದಿನಗಳಲ್ಲಿ ದೇವರ ಉಪಕಾರಸ್ಮರಣೆ



ಕಟಾವಿಗೆ ಬಂದ ಭತ್ತದ ಗದ್ದೆಗೆ ರಾತ್ರಿ ಆನೆಗಳು ನುಗ್ಗಿವೆ. ಸೊಸೈಟಿಯ ಸಾಲದ ಕಂತು ಹತ್ತಿರ ಬಂದಿದೆ. ಗೋವಾಕ್ಕೆ ದುಡಿಯಲು ಹೋದ ಮಗನಿಂದ ತಿಂಗಳಿನಿಂದ ಸುದ್ದಿಯಿಲ್ಲ. ಹಾಸಿಗೆ ಹಿಡಿದ ಅತ್ತೆಗೆ ಔಷಧ ತರಬೇಕು. ಸಂಜೆ ಜಪಸರಕ್ಕೆ ಕುಳಿತರೆ ತುಟಿ ಆಡುತ್ತದೆ, ಮನಸ್ಸು ಎಲ್ಲೋ ಇರುತ್ತದೆ. ಮಕ್ಕಳು ಮಲಗಿದ ಮೇಲೆ ಒಂದು ಪ್ರಶ್ನೆ ಎದ್ದು ಕೂರುತ್ತದೆ: "ದೇವರು ನಮ್ಮನ್ನು ಮರೆತುಬಿಟ್ಟರೇ?"

ಹಳಿಯಾಳ, ಜೋಯಿಡಾ, ಮುಂಡಗೋಡದ ಹಳ್ಳಿಗಳಲ್ಲಾಗಲಿ, ದಾಂಡೇಲಿಯ ಕಾರ್ಮಿಕರ ಕೇರಿಗಳಲ್ಲಾಗಲಿ ಈ ಪ್ರಶ್ನೆ ಹೊಸದಲ್ಲ. ಇದನ್ನು ಕೇಳಿದ್ದಕ್ಕಾಗಿ ನಾಚಿಕೊಳ್ಳಬೇಕಾಗಿಯೂ ಇಲ್ಲ. ಪವಿತ್ರ ಬೈಬಲಿನಲ್ಲಿಯೇ ಈ ಪ್ರಶ್ನೆಗೆ ಸ್ಥಳವಿದೆ.

ಕೀರ್ತನಕಾರನ ನಿದ್ದೆಯಿಲ್ಲದ ರಾತ್ರಿ

77ನೇ ಕೀರ್ತನೆಯನ್ನು ತೆರೆದು ನೋಡಿ. ಅದನ್ನು ಹಾಡಿದ ಭಕ್ತನಿಗೆ ರಾತ್ರಿಯೆಲ್ಲ ನಿದ್ದೆಯಿಲ್ಲ. ಸಮಾಧಾನದ ಮಾತು ಅವನಿಗೆ ಬೇಡವಾಗಿದೆ. ದೇವರನ್ನು ನೆನೆದರೆ ನಿಟ್ಟುಸಿರೇ ಬರುತ್ತದೆ. ದೇವರ ಪ್ರೀತಿ ಮುಗಿದುಹೋಯಿತೇ, ಅವರು ಕರುಣೆ ತೋರುವುದನ್ನು ಮರೆತರೇ ಎಂದು ಒಂದರ ಮೇಲೊಂದು ಪ್ರಶ್ನೆ ಕೇಳುತ್ತಾನೆ. ಧರ್ಮಸಭೆ ಈ ಪ್ರಶ್ನೆಗಳನ್ನು ಅಳಿಸಲಿಲ್ಲ. ಅವುಗಳನ್ನೇ ಪ್ರಾರ್ಥನೆಯಾಗಿ ನಮ್ಮ ಕೈಗೆ ಕೊಟ್ಟಿದೆ.

ಕೀರ್ತನೆಯ ನಡುವೆ ಒಂದು ತಿರುವು ಬರುತ್ತದೆ. ಆ ಭಕ್ತನು ದೇವರ ಹಿಂದಿನ ಕಾರ್ಯಗಳನ್ನು ನೆನೆಯಲು ಮನಸ್ಸು ಮಾಡುತ್ತಾನೆ. ಇಸ್ರಯೇಲರನ್ನು ಈಜಿಪ್ಟಿನ ದಾಸ್ಯದಿಂದ ಬಿಡಿಸಿ ಕಡಲಿನ ನಡುವೆ ನಡೆಸಿದ ಕಥೆಯನ್ನು ತನಗೆ ತಾನೇ ಹೇಳಿಕೊಳ್ಳುತ್ತಾನೆ. ಅವನ ಕಷ್ಟ ಪರಿಹಾರವಾಯಿತೆಂದು ಕೀರ್ತನೆಯಲ್ಲಿ ಎಲ್ಲಿಯೂ ಹೇಳಿಲ್ಲ. ದೇವರು ನೀರಿನ ನಡುವೆ ನಡೆದರು, ಆದರೆ ಅವರ ಹೆಜ್ಜೆಗುರುತು ಯಾರಿಗೂ ಕಾಣಲಿಲ್ಲ ಎಂಬ ಅರಿವು ಮಾತ್ರ ಅವನಿಗೆ ಬಂತು. ಹೆಜ್ಜೆಗುರುತು ಕಾಣದಿದ್ದ ಮಾತ್ರಕ್ಕೆ ದೇವರು ಜೊತೆಯಲ್ಲಿ ಇರಲಿಲ್ಲವೆಂದು ಅರ್ಥವಲ್ಲ. ನಾವು ಕಲಿಯಬೇಕಾದ ಮೊದಲ ಪಾಠ ಇದು.

ನದಿಯ ನಡುವಿನ ಕಲ್ಲುಗಳು

ಯೆಹೋಶುವನ ಗ್ರಂಥದ 4ನೇ ಅಧ್ಯಾಯದಲ್ಲಿ ಇನ್ನೊಂದು ಪಾಠವಿದೆ. ಇಸ್ರಯೇಲರು ಜೋರ್ಡನ್ ನದಿಯನ್ನು ದಾಟಿದಾಗ ಕುಲಕ್ಕೆ ಒಬ್ಬರಂತೆ 12 ಮಂದಿ 12 ಕಲ್ಲುಗಳನ್ನು ಹೊತ್ತು ತಂದು ಗಿಲ್ಗಾಲಿನಲ್ಲಿ ನಿಲ್ಲಿಸಿದರು. ಮುಂದೆ ಮಕ್ಕಳು "ಈ ಕಲ್ಲುಗಳೇನು?" ಎಂದು ಕೇಳಿದಾಗ ತಂದೆತಾಯಿಯರು ನಡೆದದ್ದನ್ನು ಹೇಳಬೇಕಿತ್ತು.

ಆ ಕಲ್ಲುಗಳನ್ನು ಎಲ್ಲಿಂದ ಆರಿಸಿದರು ಎಂಬುದನ್ನು ಗಮನಿಸಿ. ದಡದಲ್ಲಿ ಬಿದ್ದಿದ್ದ ಕಲ್ಲುಗಳಲ್ಲ, ನದಿಯ ನಡುವೆ ಇದ್ದವು. ಎಲ್ಲಿ ಹೆಚ್ಚು ಭಯವಿತ್ತೋ ಅಲ್ಲಿಂದಲೇ ಅವರು ಸಾಕ್ಷಿಯನ್ನು ಎತ್ತಿಕೊಂಡರು. ನಾವಾದರೋ ಕಷ್ಟ ಕಳೆದ ಮೇಲೆ ಅದನ್ನು ಬೇಗ ಮರೆಯಲು ನೋಡುತ್ತೇವೆ. ಕಷ್ಟದೊಡನೆ, ಆ ಕಷ್ಟದಲ್ಲಿ ದೊರೆತ ಆಸರೆಯನ್ನೂ ಮರೆತುಬಿಡುತ್ತೇವೆ.

ಹಳಿಯಾಳದ ಒಂದು ಕೌದಿ

ನಮ್ಮ ನಡುವೆಯೇ ಇರುವ ಸಿದ್ದಿ ಸಹೋದರ ಸಹೋದರಿಯರನ್ನು ನೆನೆಯೋಣ. ಅವರ ಪೂರ್ವಿಕರು ಆಫ್ರಿಕದವರು. ಅವರಲ್ಲಿ ಅನೇಕರನ್ನು ಪೋರ್ಚುಗೀಸರ ಕಾಲದಲ್ಲಿ ಗುಲಾಮರನ್ನಾಗಿ ಗೋವಾಕ್ಕೆ ತರಲಾಯಿತು. ಒಡೆಯರಿಂದ ತಪ್ಪಿಸಿಕೊಂಡವರು ಘಟ್ಟದ ಕಾಡುಗಳನ್ನು ಸೇರಿದರು. ಇಂದು ಸಿದ್ದಿಗಳಲ್ಲಿ ಹಿಂದೂಗಳೂ ಮುಸಲ್ಮಾನರೂ ಇದ್ದಾರೆ, ನಮ್ಮ ಕಥೋಲಿಕ ಕುಟುಂಬಗಳೂ ಇವೆ. ಇಲ್ಲಿ ಒಂದು ಸತ್ಯವನ್ನು ತಲೆತಗ್ಗಿಸಿ ಒಪ್ಪಿಕೊಳ್ಳಬೇಕು. ಅವರನ್ನು ಗುಲಾಮರನ್ನಾಗಿ ಇಟ್ಟುಕೊಂಡವರಲ್ಲಿ ಕ್ರಿಸ್ತನ ಹೆಸರನ್ನು ಹೊತ್ತವರೂ ಇದ್ದರು. ಆ ಪಾಪವನ್ನು ದೇವರ ಯೋಜನೆ ಎಂದು ಕರೆಯಬಾರದು. ಈಜಿಪ್ಟಿನ ದಾಸ್ಯವನ್ನು ಇಸ್ರಯೇಲರು ತಮ್ಮ ವಿಶ್ವಾಸದ ಸ್ಮರಣೆಯಲ್ಲಿ ಒಳ್ಳೆಯದೆಂದು ಹೇಳಲಿಲ್ಲ. ಆ ದಾಸ್ಯದಲ್ಲಿ ತಮ್ಮ ಕೂಗನ್ನು ದೇವರು ಕೇಳಿದರು ಎಂದಷ್ಟೇ ಹೇಳಿದರು.

ಸಿದ್ದಿ ತಾಯಂದಿರು ಹೊಲಿಯುವ ಕೌದಿಯನ್ನು ನೀವು ನೋಡಿರಬಹುದು. ಅದಕ್ಕೆ ಹೊಸ ಬಟ್ಟೆ ಬೇಕಾಗಿಲ್ಲ. ಉಟ್ಟು ಸವೆದ ಸೀರೆ, ಹರಿದ ಅಂಗಿ, ಮಕ್ಕಳಿಗೆ ಚಿಕ್ಕದಾದ ಲಂಗ ಎಲ್ಲವೂ ತುಂಡುಗಳಾಗಿ ಅದರಲ್ಲಿ ಸೇರುತ್ತವೆ. ಒಂದು ಮೂಲೆಯಿಂದ ಆರಂಭಿಸಿ ಅಂಚಿನುದ್ದಕ್ಕೂ ಸುತ್ತುತ್ತ ಸುತ್ತುತ್ತ ಹೊಲಿಗೆ ನಡುವಿಗೆ ಬಂದು ಮುಟ್ಟುತ್ತದೆ. ಮೂಲೆಗಳಿಗೆ ಮಡಿಚಿದ ಬಟ್ಟೆಯ ಸಣ್ಣ ತ್ರಿಕೋನಗಳನ್ನು ಹಚ್ಚುತ್ತಾರೆ. ಅವಕ್ಕೆ 'ಫೂಲ್' ಎಂದು ಹೆಸರು. ಕಥೋಲಿಕ ಮನೆಗಳ ಕೌದಿಗಳಲ್ಲಿ ಶಿಲುಬೆಯ ಗುರುತನ್ನು ಹೊಲಿಯುವುದೂ ಉಂಟು.

ಹರಿದದ್ದನ್ನು ಹರಿದಿಲ್ಲವೆಂದು ಕೌದಿ ನಟಿಸುವುದಿಲ್ಲ. ಹೊಲಿಗೆ ಎದ್ದು ಕಾಣುತ್ತದೆ. ಆದರೂ ಆ ತುಂಡುಗಳೇ ಮಳೆಗಾಲದ ಥಂಡಿಯಲ್ಲಿ ಮನೆಯವರನ್ನು ಬೆಚ್ಚಗಿಡುತ್ತವೆ. ಉಪಕಾರಸ್ಮರಣೆಯೂ ಹಾಗೆಯೇ. ಕಳೆದ ಕಷ್ಟಗಳನ್ನು ಬಚ್ಚಿಡದೆ, ಅವುಗಳಲ್ಲಿ ದೊರೆತ ಒಂದೊಂದು ಕೃಪೆಯನ್ನು ಜೋಡಿಸಿ ಇಂದಿನ ಥಂಡಿಗೆ ಹೊದಿಕೆ ಮಾಡಿಕೊಳ್ಳುವ ಕೆಲಸ ಅದು. ಕೌದಿ ಒಂದೇ ದಿನದಲ್ಲಿ ಆಗುವುದಿಲ್ಲ. ಥಂಡಿ ಬಂದ ರಾತ್ರಿ ಹೊಲಿಯಲು ಕುಳಿತರೆ ಆಗಲೂ ಆಗುವುದಿಲ್ಲ. ಅದನ್ನು ಮೊದಲೇ ಹೊಲಿದಿಟ್ಟುಕೊಳ್ಳಬೇಕು.

ಕಳೆದುಕೊಂಡದ್ದು ಮರಳಿ ಬಾರದಿದ್ದರೆ?

"ನನ್ನ ಪ್ರಾರ್ಥನೆಗೆ ಉತ್ತರವೇ ಸಿಗಲಿಲ್ಲ, ನಾನು ಏನನ್ನು ನೆನೆಯಲಿ?" ಎಂದು ಕೆಲವರು ಕೇಳಬಹುದು. ಈ ಪ್ರಶ್ನೆಗೆ ಸುಲಭದ ಉತ್ತರ ಕೊಡುವುದು ಸರಿಯಲ್ಲ.

ಕಾಳಿ ನದಿಗೆ ಗಣೇಶಗುಡಿಯ ಬಳಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು 1980ರ ದಶಕದಲ್ಲಿ ಎದ್ದಿತು. ನಾಡಿಗೆ ಬೆಳಕು ಬಂತು. ಆದರೆ ಸೂಪಾ ಪಟ್ಟಣ, ಅದರ ಸುತ್ತಲಿನ ಹಳ್ಳಿಗಳು, ಹೊಲಮನೆಗಳು ನೀರಿನಡಿ ಹೋದವು. ತಾಲ್ಲೂಕು ಕೇಂದ್ರ ಜೋಯಿಡಾಕ್ಕೆ ಬಂತು. ಎಷ್ಟೋ ಕುಟುಂಬಗಳು ರಾಮನಗರದಲ್ಲಿ ಮತ್ತೆ ಮೊದಲಿನಿಂದ ಬದುಕು ಕಟ್ಟಬೇಕಾಯಿತು. ಮುಳುಗಿದ ಊರು ಯಾರ ಪ್ರಾರ್ಥನೆಯಿಂದಲೂ ಮೇಲೆ ಬರಲಿಲ್ಲ. ದಾಂಡೇಲಿಯಲ್ಲಿ ಕಾರ್ಖಾನೆ ಮುಚ್ಚಿ ಕೆಲಸ ಕಳೆದುಕೊಂಡವರಿಗೂ ಈ ನೋವು ಗೊತ್ತು. ಮಗುವನ್ನು ಮಣ್ಣಿಗೆ ಕೊಟ್ಟ ತಾಯಿಗೆ ಇನ್ನೂ ಹೆಚ್ಚು ಗೊತ್ತು.

ಹಾಗಾದರೆ ದೇವರ ನಂಬಿಕಸ್ತಿಕೆ ಎಂದರೇನು? ಹಿಂದೆ ಕೊಟ್ಟದ್ದನ್ನೇ ಮತ್ತೆ ಕೊಡುತ್ತಾರೆ ಎಂಬ ಕರಾರು ಅದಲ್ಲ. ಹಿಂದೆ ಜೊತೆಗಿದ್ದವರೇ ಇಂದೂ ಜೊತೆಗಿದ್ದಾರೆ ಎಂಬ ಭರವಸೆ ಅದು. ಪ್ರಭು ಯೇಸು ಶಿಲುಬೆಯ ಮೇಲೆ ತೊರೆಯಲ್ಪಟ್ಟವರಂತೆ ಕೂಗಿದರು. ಆ ಕೂಗು ಕೂಡ ತಂದೆಯನ್ನು ಕರೆದ ಪ್ರಾರ್ಥನೆಯೇ ಆಗಿತ್ತು. ಆದುದರಿಂದ ದುಃಖದಲ್ಲಿರುವವರ ಮನೆಗೆ ಹೋದಾಗ "ದೇವರು ಮಾಡಿದ್ದೆಲ್ಲ ಒಳ್ಳೆಯದಕ್ಕೇ" ಎಂದು ಅವಸರದಲ್ಲಿ ಹೇಳಬೇಡಿ. ಮೊದಲು ಪಕ್ಕದಲ್ಲಿ ಕುಳಿತುಕೊಳ್ಳಿ. ಒಂದು ಹೊತ್ತಿನ ಗಂಜಿ ಕೊಂಡೊಯ್ಯಿರಿ. ಅವರಿಗೆ ನೆನೆಯಲು ಶಕ್ತಿಯಿಲ್ಲದಾಗ ಅವರ ಪರವಾಗಿ ನಾವು ನೆನೆಯೋಣ. ಧರ್ಮಕೇಂದ್ರದ ಸಮುದಾಯ ಇರುವುದು ಇದಕ್ಕಾಗಿಯೇ. ಮುಂದೊಂದು ದಿನ ಅವರು ದೇವರ ಆಸರೆಯನ್ನು ನೆನೆಯುವಾಗ, ನೀವು ತಂದ ಗಂಜಿಯೂ ಆ ಕೌದಿಯ ಒಂದು ತುಂಡಾಗಿರುತ್ತದೆ.

ಬಲಿಪೂಜೆಯೇ ನಮ್ಮ ಮಹಾ ಸ್ಮರಣೆ

ಸೆರೆಹಿಡಿಯಲ್ಪಟ್ಟ ರಾತ್ರಿಯೇ ಪ್ರಭು ರೊಟ್ಟಿಯನ್ನು ತೆಗೆದುಕೊಂಡು ಸ್ತೋತ್ರ ಸಲ್ಲಿಸಿದರು, ತಮ್ಮ ಸ್ಮರಣೆಗಾಗಿ ಹೀಗೆ ಮಾಡಲು ಹೇಳಿದರು. ಗಂಡಾಂತರ ಬಾಗಿಲಲ್ಲಿ ನಿಂತಿರುವಾಗಲೂ ಅವರು ತಂದೆಗೆ ಕೃತಜ್ಞರಾಗಿದ್ದರು. ಪ್ರತಿ ಬಲಿಪೂಜೆಯಲ್ಲಿ ನಾವು ಆ ಬಲಿಯನ್ನು ಸ್ಮರಿಸುತ್ತೇವೆ. ಆ ಸ್ಮರಣೆಯಲ್ಲಿ ಪ್ರಭುವೇ ನಮ್ಮ ನಡುವೆ ಪ್ರಸನ್ನರಾಗುತ್ತಾರೆ. ವಿಶ್ವಾಸಿ ಎಂದರೆ ನೆನೆಯುವವನು ಎಂದು ಪೋಪ್ ಫ್ರಾನ್ಸಿಸ್ 2013ರ ತಮ್ಮ 'ಎವಾಂಜೆಲಿ ಗೌದಿಯುಮ್' ಪತ್ರದಲ್ಲಿ ಬೋಧಿಸಿದ್ದಾರೆ. ಮಾತೆ ಮರಿಯಮ್ಮನವರು ನಡೆದ ಸಂಗತಿಗಳನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಧ್ಯಾನಿಸಿದರೆಂದು ಸಂತ ಲೂಕರು ಬರೆಯುತ್ತಾರೆ. ಆ ಧ್ಯಾನದ ಬಲ ಅವರನ್ನು ಶಿಲುಬೆಯ ಬುಡದವರೆಗೂ ನಡೆಸಿತೆಂದು ಹೇಳಬಹುದಲ್ಲವೇ?

ಈ ವಾರ ಮನೆಯಲ್ಲಿ

1. ಒಂದು ಸಂಜೆ ಜಪಸರದ ನಂತರ ಮನೆಯ ಹಿರಿಯರನ್ನು ಕೇಳಿ: "ಅಜ್ಜಿ, ನಿಮಗೆ ತುಂಬಾ ಕಷ್ಟ ಬಂದದ್ದು ಯಾವಾಗ? ಆಗ ಯಾರು ಕೈಹಿಡಿದರು?" ಮಕ್ಕಳು ಕೇಳಿಸಿಕೊಳ್ಳಲಿ.

2. ಒಂದು ನೋಟುಬುಕ್ಕಿನಲ್ಲಿ ಇಸವಿ ಹಾಕಿ ನಿಮ್ಮ ಕುಟುಂಬಕ್ಕೆ ದೊರೆತ ಉಪಕಾರಗಳನ್ನು ಬರೆಯಿರಿ. ಸಾಲ ತೀರಿದ್ದು, ಜ್ವರ ಇಳಿದದ್ದು, ಅಣ್ಣತಮ್ಮಂದಿರು ಮತ್ತೆ ಮಾತಾಡಿದ್ದು, ಎಲ್ಲವನ್ನೂ ಬರೆಯಿರಿ. ಉತ್ತರ ಸಿಗದ ಪ್ರಾರ್ಥನೆಗಳಿಗೂ ಒಂದು ಪುಟವಿರಲಿ.

3. 77ನೇ ಕೀರ್ತನೆಯನ್ನು ಇಡಿಯಾಗಿ ಓದಿ. ಅಳಲಿನ ಭಾಗವನ್ನು ಬಿಟ್ಟು ಓದಬೇಡಿ.

4. ನಿಮಗೆ ಹಿಂದೆ ಆಸರೆಯಾದ ಒಬ್ಬರನ್ನು ಕಂಡು ವಂದನೆ ಹೇಳಿ. ಈಗ ಕಷ್ಟದಲ್ಲಿರುವ ಒಂದು ಮನೆಗೆ ಹೋಗಿ ಬನ್ನಿ.

ಪ್ರಾರ್ಥಿಸೋಣ: ಪರಮ ತಂದೆಯೇ, ನಮ್ಮ ಹಿರಿಯರು ಹಸಿವಿನಲ್ಲಿ, ಕಾಡಿನಲ್ಲಿ, ಊರು ಕಳೆದುಕೊಂಡ ದಿನಗಳಲ್ಲಿ ನಿಮ್ಮನ್ನು ಕೂಗಿದರು. ನೀವು ಅವರನ್ನು ಕೈಬಿಡಲಿಲ್ಲ. ಇಂದು ನಿಮ್ಮ ಹೆಜ್ಜೆಗುರುತು ನಮಗೆ ಕಾಣದಿದ್ದರೂ ನೀವು ಜೊತೆಗಿದ್ದೀರೆಂದು ನಂಬುವ ಕೃಪೆಯನ್ನು ದಯಪಾಲಿಸಿ. ನೆನೆಯಲಾರದಷ್ಟು ದಣಿದವರ ಪರವಾಗಿ ನಮ್ಮ ಸ್ಮರಣೆಯನ್ನು ಸ್ವೀಕರಿಸಿ. ನಮ್ಮ ಪ್ರಭು ಕ್ರಿಸ್ತರ ಮುಖಾಂತರ ಬೇಡುತ್ತೇವೆ. ಆಮೆನ್.