ಗಲ್ಲಾ ಫೋನಿನೊಳಗೆ ಬಂದ ಮೇಲೆ: ಗಾಂಧಿ ಗಂಜಿನಲ್ಲಿ ನಾವು ಕಲಿತ ಲೆಕ್ಕ

ಮಿನಿ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಾ ನಾವು ನಾಲ್ವರು ಬೀದರಿನ ಗಾಂಧಿ ಗಂಜಿಗೆ ಹೋಗಿದ್ದೆವು. ಊರೂರು ಸುತ್ತಿ ವ್ಯಾಪಾರ ಮಾಡುವವರಿಗೆ ಒಂದು ಆ್ಯಪ್ ಮಾಡಿಕೊಡಬೇಕು ಅನ್ನೋದು ನಮ್ಮ ಪ್ಲ್ಯಾನ್. ಹೆಸರು, ಲೋಗೋ ಎಲ್ಲಾ ಹಾಸ್ಟೆಲ್‌ನಲ್ಲೇ ರೆಡಿ ಆಗಿತ್ತು. ಯಾರಿಗೆ ಏನು ಬೇಕು ಅನ್ನೋದೊಂದೇ ಬಾಕಿ!

ಗಂಜಿನಲ್ಲಿ ಒಬ್ಬ ಕಾಕಾ ಪರಿಚಯ ಆದರು. ಬೆಳಗ್ಗೆ ಅಡತ್ ಅಂಗಡಿಯಿಂದ ತೊಗರಿ ಬೇಳೆ, ಉದ್ದು, ಜೋಳ, ಬೆಲ್ಲ ಎತ್ತಿ ಗೂಡ್ಸ್ ಆಟೋಗೆ ಹಾಕಿಕೊಳ್ಳುತ್ತಾರೆ. ಒಂದಿನ ಭಾಲ್ಕಿ ಕಡೆ, ಮತ್ತೊಂದಿನ ಔರಾದ ಕಡೆ. ಎರಡೂ ಬೀದರಿನಿಂದ ಸುಮಾರು 40 ಕಿ.ಮೀ. ಆಟೋದಲ್ಲಿ ಒಂದು ಎಲೆಕ್ಟ್ರಾನಿಕ್ ತಕ್ಕಡಿ, ಒಂದು ಕ್ಯೂಆರ್ ಸ್ಟಿಕರ್, ಒಂದು ಫೋನು. ಇಷ್ಟೇ ಅವರ ಟೆಕ್ನಾಲಜಿ.

"ಆ್ಯಪ್ ಆಮ್ಯಾಲ ಮಾಡ್ರಿ ತಮ್ಮಾ. ಮೊದಲ ನಂದು ಇವತ್ತಿನ ಲೆಕ್ಕ ಕೂಡಿಸಿ ಕೊಡ್ರಿ. ದಿನಾ ಒಂದಿಷ್ಟು ಕಡಿಮಿ ಬೀಳ್ಲಕತ್ತಾದ" ಅಂದರು ಕಾಕಾ.

ಅವತ್ತು ಅವರ ಜೊತೆ ಔರಾದ ಕಡೆ ಹೋಗಿ ಬಂದೆವು. ಸಂಜೆ ಗಂಜಿನಲ್ಲಿ ಚಹಾ ಕುಡಿಯುತ್ತಾ ಲೆಕ್ಕಕ್ಕೆ ಕೂತೆವು. ನೋಟ್‌ಬುಕ್ಕಿನ ಮಾರಾಟಕ್ಕೂ, ಕೈಯಲ್ಲಿದ್ದ ನಗದು ಮತ್ತು ಖಾತೆಗೆ ಬಂದ ಹಣಕ್ಕೂ 640 ರೂಪಾಯಿ ವ್ಯತ್ಯಾಸ. ಮೇಲಿಂದ ಒಂದು 50 ಕಿಲೋ ಬೇಳೆ ಚೀಲ ಪೂರಾ ಖಾಲಿ ಆಗಿತ್ತು, ಬರೆದ ತೂಕ ಕೂಡಿಸಿದರೆ 50 ಕಿಲೋ ಬರಲಿಲ್ಲ. ಆ 640 ರೂಪಾಯಿ ಎಲ್ಲಿ ಹೋಯ್ತು ಅಂತ ಹುಡುಕಿದ್ದೇ ಈ ಲೇಖನ.

ತಕ್ಕಡಿ ವಾಲಿದರೆ ಯಾರಿಗೆ ನಷ್ಟ?

ಮೊದಲು ತೂಕ ನೋಡೋಣ. ಎಲೆಕ್ಟ್ರಾನಿಕ್ ತಕ್ಕಡಿಯ ಒಳಗೆ ಲೋಡ್ ಸೆಲ್ ಇರುತ್ತೆ. ಭಾರ ಬಿದ್ದಾಗ ಲೋಹದ ತುಂಡು ಕಣ್ಣಿಗೆ ಕಾಣದಷ್ಟು ಬಾಗುತ್ತೆ, ಅದಕ್ಕೆ ಅಂಟಿಸಿದ ಸ್ಟ್ರೇನ್ ಗೇಜಿನ ರೋಧ ಬದಲಾಗುತ್ತೆ, ಆ ಬದಲಾವಣೆಯನ್ನು ವೀಟ್‌ಸ್ಟನ್ ಬ್ರಿಡ್ಜ್ ಹಿಡಿಯುತ್ತೆ. ಫಸ್ಟ್ ಇಯರ್ ಲ್ಯಾಬಿನಲ್ಲಿ ವೈವಾಗೆ ಅಂತ ಬಾಯಿಪಾಠ ಮಾಡಿದ ಬ್ರಿಡ್ಜೇ ಇದು.

ಲೋಡ್ ಸೆಲ್ ಅಳೆಯೋದು ತನಗೆ ಲಂಬವಾಗಿ ಬೀಳುವ ಬಲವನ್ನು ಮಾತ್ರ. ಆಟೋ ಇಳಿಜಾರಿನಲ್ಲಿ ನಿಂತು ತಕ್ಕಡಿ 5 ಡಿಗ್ರಿ ವಾಲಿದರೆ ಅದಕ್ಕೆ ಸಿಗೋದು ಭಾರದ ಕೊಸೈನ್ 5 ಡಿಗ್ರಿಯಷ್ಟು ಪಾಲು, ಅಂದರೆ 0.9962. ಒಂದು ಕಿಲೋ ಇಟ್ಟರೆ 996 ಗ್ರಾಂ ತೋರಿಸುತ್ತೆ. ವ್ಯಾಪಾರಿ "ಇನ್ನೂ ಸ್ವಲ್ಪ ಬೇಕು" ಅಂತ ಇನ್ನೊಂದು ಮುಷ್ಟಿ ಹಾಕುತ್ತಾನೆ. ಗಿರಾಕಿಗೆ ಲಾಭ, ವ್ಯಾಪಾರಿಗೆ ನಷ್ಟ. 50 ಕಿಲೋ ಮಾರುವಷ್ಟರಲ್ಲಿ ಸುಮಾರು 190 ಗ್ರಾಂ ಸುಮ್ಮನೆ ಹೋಗುತ್ತೆ.

190 ಗ್ರಾಂ ಏನು ಮಹಾ ಅನ್ನಿಸಬಹುದು. ಬೇಳೆ ಕಿಲೋಗೆ 120 ರೂಪಾಯಿ, ಕಿಲೋಗೆ ಉಳಿಯೋದು 5 ರೂಪಾಯಿ ಅಂದುಕೊಳ್ಳೋಣ. 50 ಕಿಲೋಗೆ ಉಳಿತಾಯ 250 ರೂಪಾಯಿ, ಅದರಲ್ಲಿ ವಾಲಿದ್ದಕ್ಕೇ ಹೋದದ್ದು 23 ರೂಪಾಯಿ. ಲಾಭದಲ್ಲಿ ಹತ್ತಿರ ಹತ್ತಿರ ಹತ್ತನೇ ಒಂದು ಪಾಲು! ಇಳಿಜಾರು 10 ಡಿಗ್ರಿ ಆದರೆ ನಷ್ಟ ನಾಲ್ಕು ಪಟ್ಟು. ಚೀಲದಿಂದ ಚೆಲ್ಲಿದ್ದೂ ಇರಬಹುದು, ಅದು ಬೇರೆ.

ಪರಿಹಾರಕ್ಕೆ ಆ್ಯಪ್ ಬೇಡ. ತಕ್ಕಡಿಯಲ್ಲೇ ಇರುವ ಗುಳ್ಳೆಯ ಮಟ್ಟ ನೋಡಿ, ಕಾಲಿನ ತಿರುಪು ತಿರುಗಿಸಿ ಸಮ ಮಾಡಬೇಕು. ಬೆಳಗ್ಗೆ ಮುದ್ರೆ ಇರುವ ಒಂದು ಕಿಲೋ ಕಲ್ಲು ಇಟ್ಟು ನೋಡಬೇಕು. ತಕ್ಕಡಿಯ ಬ್ಯಾಟರಿ ಇಳಿದಾಗ ಅಂಕಿ ಕುಣಿಯೋಕೆ ಶುರು ಮಾಡಿದರೆ ಆ ತೂಕವನ್ನು ನಂಬಬಾರದು. ಕಾನೂನೂ ನೆನಪಿರಲಿ: ಕಾನೂನು ಮಾಪನಶಾಸ್ತ್ರ ನಿಯಮಗಳ ಪ್ರಕಾರ ಎಲೆಕ್ಟ್ರಾನಿಕ್ ತಕ್ಕಡಿಯನ್ನು 12 ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸಿ ಮುದ್ರೆ ಹಾಕಿಸಬೇಕು.

ರೊಕ್ಕ ಬಂದಿತ್ತು, ಸುದ್ದಿ ಬಂದಿರಲಿಲ್ಲ

ಮಧ್ಯಾಹ್ನ ಒಂದು ಊರಲ್ಲಿ ಕಾಕಾನ ಫೋನಿಗೆ ನೆಟ್‌ವರ್ಕ್ ಇರಲಿಲ್ಲ. ಗಿರಾಕಿ "ಹಾಕೀನ್ರಿ" ಅಂತಾರೆ, ಇವರ ಫೋನಿನಲ್ಲಿ ಏನೂ ಕಾಣಲ್ಲ. ಇಂಥ ಹೊತ್ತಲ್ಲಿ ಎರಡು ತಪ್ಪು ಆಗುತ್ತೆ: ನಿಜವಾಗಿ ಕೊಟ್ಟವರ ಜೊತೆ ಜಗಳ, ಇಲ್ಲಾ ಕೊಡದವರ ಮೇಲೆ ನಂಬಿಕೆ.

ಯುಪಿಐ ಹೇಗೆ ನಡೆಯುತ್ತೆ ಅಂತ ಗೊತ್ತಿದ್ದರೆ ಅರ್ಧ ಗೊಂದಲ ಹೋಗುತ್ತೆ. ಎನ್‌ಪಿಸಿಐ ಇದನ್ನು 2016ರಲ್ಲಿ ಶುರು ಮಾಡಿತು. ಗಿರಾಕಿಯ ಫೋನು ತನ್ನ ಬ್ಯಾಂಕಿಗೆ ಹೇಳುತ್ತೆ, ಎನ್‌ಪಿಸಿಐ ನಡುವೆ ನಿಂತು ಎರಡೂ ಬ್ಯಾಂಕುಗಳನ್ನು ಮಾತಾಡಿಸುತ್ತೆ, ವ್ಯಾಪಾರಿಯ ಬ್ಯಾಂಕಿಗೆ ಹಣ ಬೀಳುತ್ತೆ. ಈ ದಾರಿಯಲ್ಲಿ ವ್ಯಾಪಾರಿಯ ಫೋನು ಇಲ್ಲವೇ ಇಲ್ಲ! ಕ್ಯೂಆರ್ ಅನ್ನೋದು ವಿಳಾಸ ಬರೆದ ಚೀಟಿ ಅಷ್ಟೇ. ಫೋನು ಸತ್ತರೂ ಹಣ ಬರುತ್ತೆ, ಬಂದ ಸುದ್ದಿ ಮಾತ್ರ ಬರಲ್ಲ.

ಹಾಗಾಗಿ ಕಾಕಾನಿಗೆ ಒಂದು ಪದ್ಧತಿ ಮಾಡಿಕೊಟ್ಟೆವು. ನೆಟ್‌ವರ್ಕ್ ಇಲ್ಲದ ಊರಲ್ಲಿ ಗಿರಾಕಿಯ ಫೋನಿನಲ್ಲಿ ಕಾಣುವ 12 ಅಂಕಿಯ ವಹಿವಾಟು ಸಂಖ್ಯೆಯ ಕೊನೆಯ ನಾಲ್ಕು ಅಂಕಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳೋದು, ಸಂಜೆ ಬ್ಯಾಂಕಿನ ಪಟ್ಟಿ ಜೊತೆ ಹೋಲಿಸೋದು. ಇದು ಮುಖ ಪರಿಚಯ ಇರುವವರಿಗೆ, ಸಣ್ಣ ಮೊತ್ತಕ್ಕೆ. ಅಪರಿಚಿತರು, ದೊಡ್ಡ ಮೊತ್ತ ಅಂದ್ರೆ ನಗದು. ಗಿರಾಕಿಗೇ ಇಂಟರ್ನೆಟ್ ಇಲ್ಲದಿದ್ದರೆ *99# ಇದೆ, ಸಾದಾ ಫೋನಿಗೆ 2022ರಲ್ಲಿ ಬಂದ ಯುಪಿಐ 123ಪೇ ಇದೆ. ಎಲ್ಲ ಸಿಮ್ಮಿನಲ್ಲೂ ಒಂದೇ ಥರ ನಡೆಯಲ್ಲ, ಮೊದಲೇ ಒಮ್ಮೆ ಟೆಸ್ಟ್ ಮಾಡಿಕೊಂಡಿರಬೇಕು.

ಹೀಗೆ ಹೋಲಿಸುತ್ತಾ ಹೋದಾಗ 640ರ ಗುಟ್ಟು ಬಿಚ್ಚಿಕೊಂಡಿತು.

180 ರೂಪಾಯಿಯ ಒಂದು ವಹಿವಾಟು ನಡುದಾರಿಯಲ್ಲಿ ನಿಂತಿತ್ತು. ಗಿರಾಕಿಯ ಖಾತೆಯಿಂದ ಕಡಿತ ಆಗಿದೆ, ಇಲ್ಲಿ ಬಿದ್ದಿಲ್ಲ. ಇಂಥದ್ದಕ್ಕೆ ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆ ಇದೆ: ವ್ಯಾಪಾರಿಗೆ ಮಾಡಿದ ಪಾವತಿ ಮುಟ್ಟದಿದ್ದರೆ 5 ದಿನದೊಳಗೆ ಹಣ ಗಿರಾಕಿಗೆ ವಾಪಸ್ ಹೋಗಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಇದು ಗೊತ್ತಿದ್ದರೆ ಇಬ್ಬರೂ ಒಬ್ಬರನ್ನೊಬ್ಬರು ಕಳ್ಳ ಅನ್ನೋ ಪ್ರಮೇಯ ಇಲ್ಲ.

80 ರೂಪಾಯಿ ಬಂದೇ ಇಲ್ಲ. ಗಿರಾಕಿ ತೋರಿಸಿದ್ದು ಬರೀ ಹಸಿರು ಟಿಕ್ ಇರುವ ಸ್ಕ್ರೀನು. ಅಂಥ ಚಿತ್ರ ಯಾರು ಬೇಕಾದರೂ ಮಾಡಬಹುದು. ಗಿರಾಕಿಯ ಸ್ಕ್ರೀನು ಪುರಾವೆ ಅಲ್ಲ, ನಮ್ಮ ಖಾತೆಗೆ ಬಂದದ್ದೇ ಪುರಾವೆ. ಹಣ ಪಡೆಯೋಕೆ ಪಿನ್ ಒತ್ತಬೇಕಿಲ್ಲ ಅನ್ನೋದನ್ನೂ ಮನೆಯವರಿಗೆಲ್ಲಾ ಹೇಳಿಡಬೇಕು. ಯಾರಾದರೂ "ರೊಕ್ಕ ಕಳಿಸೀನಿ, ಪಿನ್ ಹಾಕ್ರಿ" ಅಂದರೆ ಅದು ಮೋಸವೇ. ಮೋಸ ಆದ ಕೂಡಲೇ 1930ಕ್ಕೆ ಕರೆ ಮಾಡಬೇಕು. ತಡ ಆದಷ್ಟೂ ಹಣ ಕೈ ಬದಲಾಗಿ ದೂರ ಹೋಗುತ್ತೆ.

ಉಳಿದ 380 ರೂಪಾಯಿ? ಆಟೋದ ಇನ್ನೊಂದು ಬದಿಗೆ ಕಾಕಾನ ಮಗನ ಹೆಸರಿನ ಹಳೇ ಕ್ಯೂಆರ್ ಸ್ಟಿಕರ್ ಹಾಗೇ ಇತ್ತು. ಆ ಬದಿ ನಿಂತವರು ಅದಕ್ಕೇ ಸ್ಕ್ಯಾನ್ ಮಾಡಿದ್ದರು. ಹಣ ಮಗನ ಖಾತೆಯಲ್ಲಿ ಬೆಚ್ಚಗಿತ್ತು! "ದಿನಾ ಕಡಿಮಿ ಬೀಳೋದು ಇದಕ್ಕೇ ಏನು!" ಅಂತ ಕಾಕಾ ತಾವೇ ಹೋಗಿ ಉಗುರಲ್ಲಿ ಸ್ಟಿಕರ್ ಕಿತ್ತರು.

ಒಂದೇ ಫೋನು, ಒಂದೇ ಬ್ಯಾಟರಿ

ಮೂರು ಗಂಟೆಗೆ ಕಾಕಾನ ಫೋನು 9 ಪರ್ಸೆಂಟಿಗೆ ಇಳಿದಿತ್ತು. ಪವರ್ ಬ್ಯಾಂಕಿನ ಲೆಕ್ಕ ನಮ್ಮಲ್ಲೂ ಎಷ್ಟೋ ಜನ ತಪ್ಪು ಹಾಕುತ್ತೇವೆ. 10,000 ಎಂಎಎಚ್ ಅಂದರೆ 5,000 ಎಂಎಎಚ್ ಫೋನು ಎರಡು ಸಲ ಚಾರ್ಜ್ ಆಗುತ್ತೆ ಅಂತಲ್ಲ. ಒಳಗಿನ ಸೆಲ್ 3.7 ವೋಲ್ಟ್, ಒಟ್ಟು 37 ವ್ಯಾಟ್-ಅವರ್. ಅದನ್ನು 5 ವೋಲ್ಟಿಗೆ ಏರಿಸಿ, ಫೋನಿನೊಳಗೆ ಮತ್ತೆ ಇಳಿಸುವಾಗ ಒಂದಷ್ಟು ಶಾಖವಾಗಿ ಹೋಗುತ್ತೆ. ಕೈಗೆ ಸಿಗೋದು ಸುಮಾರು ಒಂದೂವರೆ ಚಾರ್ಜು. ಬೀದರಿನ ಬೇಸಿಗೆಯಲ್ಲಿ ಫೋನನ್ನು ಆಟೋದ ಗಾಜಿನ ಹಿಂದೆ ಬಿಸಿಲಿಗೆ ಇಟ್ಟು ಚಾರ್ಜ್ ಮಾಡಬಾರದು, 45 ಡಿಗ್ರಿ ದಾಟಿದ ಬ್ಯಾಟರಿಗೆ ಚಾರ್ಜ್ ಮಾಡೋದು ಅದರ ಆಯುಷ್ಯಕ್ಕೆ ಕುತ್ತು.

ಅದಕ್ಕಿಂತ ದೊಡ್ಡ ಅಪಾಯ ಫೋನು ಕಳೆದುಹೋಗೋದು. ಯುಪಿಐ ಗಟ್ಟಿಯಾಗಿ ಕೂತಿರೋದು ಸಿಮ್ ನಂಬರಿನ ಮೇಲೆ, ಆ ನಂಬರೇ ಗಲ್ಲಾದ ಕೀಲಿ. ಅದಕ್ಕೇ *#06# ಒತ್ತಿ ಬರುವ ಐಎಂಇಐ ಸಂಖ್ಯೆಯನ್ನು ಇವತ್ತೇ ಕಾಗದದ ಮೇಲೆ ಬರೆದು ಮನೆಯಲ್ಲಿಡಬೇಕು. ಫೋನು ಹೋದರೆ ಮೊದಲು ಸಿಮ್ ಬಂದ್ ಮಾಡಿಸಿ, ಬ್ಯಾಂಕಿಗೆ ತಿಳಿಸಿ, ಪೊಲೀಸ್ ದೂರು ಕೊಟ್ಟು, ಸಂಚಾರ್ ಸಾಥಿಯಲ್ಲಿ ಆ ಸಂಖ್ಯೆ ಹಾಕಿ ಫೋನನ್ನೇ ಬ್ಲಾಕ್ ಮಾಡಿಸಬಹುದು. ಈ ಸೌಲಭ್ಯ 2023ರ ಮೇ ತಿಂಗಳಿಂದ ದೇಶದಾದ್ಯಂತ ಇದೆ.

ಫೋನಿಗೆ ಜಮಾ ಗೊತ್ತು, ಖರ್ಚು ಗೊತ್ತಿಲ್ಲ

ಮಗನ ಸ್ಟಿಕರಿನ ವಿಷಯ ಬರೀ 380 ರೂಪಾಯಿಯದ್ದಲ್ಲ. 2025ರ ಜುಲೈಯಲ್ಲಿ ನಮ್ಮ ರಾಜ್ಯದಲ್ಲಿ ಏನಾಯ್ತು ನೆನಪಿಸಿಕೊಳ್ಳಿ. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೂಲಕ ಬಂದ ಮೊತ್ತ ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿತು. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ ನಾಲ್ಕು ವರ್ಷದ 1.63 ಕೋಟಿ ವಹಿವಾಟಿಗೆ ಸುಮಾರು 29 ಲಕ್ಷದ ನೋಟಿಸ್ ಬಂತು. ತಾಜಾ ತರಕಾರಿಗೆ ತೆರಿಗೆಯೇ ಇಲ್ಲ! ಬೆಂಗಳೂರಿನಲ್ಲಿ ಎಷ್ಟೋ ಅಂಗಡಿಗಳು ಕ್ಯೂಆರ್ ಕಿತ್ತು "ನಗದು ಮಾತ್ರ" ಅಂತ ಬೋರ್ಡ್ ಹಾಕಿದವು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಸಭೆ ಕರೆದು, ಹಳೆಯ ಬಾಕಿ ವಸೂಲಿ ಮಾಡಲ್ಲ, ಆದರೆ ಅಗತ್ಯ ಇರುವವರು ಜಿಎಸ್‌ಟಿ ನೋಂದಣಿ ಮಾಡಿಸಬೇಕು ಎಂದರು.

ಸರಕು ಮಾರುವವರಿಗೆ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷದ ಮಾರಾಟ. ಕೇಳೋಕೆ ದೊಡ್ಡದು. ವರ್ಷಕ್ಕೆ 300 ದಿನ ವ್ಯಾಪಾರ ಅಂದ್ರೆ ದಿನಕ್ಕೆ 13,333 ರೂಪಾಯಿ. ಮೇಲಿನ ಬೇಳೆ ಲೆಕ್ಕದಲ್ಲೇ ಅದರಲ್ಲಿ ಉಳಿಯೋದು ಸುಮಾರು 555 ರೂಪಾಯಿ, ಅದರಲ್ಲೇ ಡೀಸೆಲ್ಲು, ಚಹಾ ಎಲ್ಲಾ. ಮಿತಿ ಮಾರಾಟದ ಮೇಲೆ ಇರೋದು, ಲಾಭದ ಮೇಲೆ ಅಲ್ಲ.

ಇನ್ನೊಂದು ಸೂಕ್ಷ್ಮ ಇದೆ. ಬಿಡಿಯಾಗಿ ಮಾರುವ ಬೇಳೆ, ಜೋಳ, ಬೆಲ್ಲಕ್ಕೆ ಜಿಎಸ್‌ಟಿ ಇಲ್ಲ. 2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ್ದಕ್ಕೆ ಶೇಕಡಾ 5 ಬಂತು. ಬರೀ ತೆರಿಗೆ ಇಲ್ಲದ ಮಾಲು ಮಾರುವವರಿಗೆ ನೋಂದಣಿ ಬೇಕಿಲ್ಲ. ಆದರೆ ಜೊತೆಗೆ ಖಾರದ ಪುಡಿಯಂಥ ತೆರಿಗೆಯ ಮಾಲು ಇಟ್ಟರೆ, 40 ಲಕ್ಷದ ಮಿತಿ ಲೆಕ್ಕ ಹಾಕುವಾಗ ಬೇಳೆ, ಬೆಲ್ಲದ ಮಾರಾಟವೂ ಸೇರಿಕೊಳ್ಳುತ್ತೆ. ನಗದು ಮಾರಾಟವೂ ಅಷ್ಟೇ. ಕ್ಯೂಆರ್ ಕಿತ್ತ ಮಾತ್ರಕ್ಕೆ ಲೆಕ್ಕ ತಪ್ಪಲ್ಲ.

ಕಾಕಾನ ಖಾತೆ ನೋಡಿದರೆ ಬೇಳೆ ರೊಕ್ಕ, ತಂಗಿ ಕಳಿಸಿದ ಕೈಸಾಲ, ಉದ್ರಿ ವಸೂಲಿ ಎಲ್ಲಾ ಒಂದರಲ್ಲೇ. ಹೊರಗಿಂದ ನೋಡುವ ಕಂಪ್ಯೂಟರಿಗೆ ಇದೆಲ್ಲಾ ಮಾರಾಟದ ಥರವೇ ಕಾಣುತ್ತೆ. ಗಂಜಿನಲ್ಲಿ ನಗದು ಕೊಟ್ಟು ಎತ್ತಿದ ಮಾಲು ಅದಕ್ಕೆ ಕಾಣೋದೇ ಇಲ್ಲ. ಹಾಗಾಗಿ ವ್ಯಾಪಾರಕ್ಕೆ ಬೇರೆ ಖಾತೆ, ಅದಕ್ಕೊಂದೇ ಕ್ಯೂಆರ್. ಅಡತ್ ಅಂಗಡಿಯ ಬಿಲ್ಲಿನ ಫೋಟೋ ಅವತ್ತೇ ತೆಗೆಯೋದು. ತಿಂಗಳಿಗೊಮ್ಮೆ ಬ್ಯಾಂಕ್ ಸ್ಟೇಟ್‌ಮೆಂಟ್ ಇಳಿಸಿ ಇಡೋದು. ಇದೇ ದಾಖಲೆ ನಾಳೆ ಬ್ಯಾಂಕಿನಲ್ಲಿ ಸಾಲ ಕೇಳುವಾಗಲೂ ಕೈ ಹಿಡಿಯುತ್ತೆ.

ನಾವು ಮಾಡಿಕೊಟ್ಟದ್ದು

ಕೊನೆಗೆ ಆ್ಯಪ್ ಮಾಡಲಿಲ್ಲ. ಒಂದು ರಟ್ಟಿನ ಮೇಲೆ ದಪ್ಪ ಸ್ಕೆಚ್ ಪೆನ್ನಲ್ಲಿ ಬರೆದು ಆಟೋದ ಒಳಗೆ ಅಂಟಿಸಿದೆವು:

ಬೆಳಗ್ಗೆ: ಫೋನು, ತಕ್ಕಡಿ, ಪವರ್ ಬ್ಯಾಂಕ್ ಚಾರ್ಜ್ ನೋಡು. ಒಂದು ಕಿಲೋ ಕಲ್ಲು ಇಟ್ಟು ನೋಡು. ಗಂಜಿನ ಬಿಲ್ಲಿನ ಫೋಟೋ ತೆಗಿ.
ಊರಲ್ಲಿ: ಗುಳ್ಳೆ ನಡುವೆ ಬರಲಿ. ನೆಟ್‌ವರ್ಕ್ ಇಲ್ಲದಿದ್ದರೆ ಕೊನೆಯ ನಾಲ್ಕು ಅಂಕಿ ಬರಿ.
ಸಂಜೆ: ನಗದು, ಖಾತೆ, ಉದ್ರಿ ಮೂರೂ ಕೂಡಿಸು. ತಾಳೆ ಆಗದಿದ್ದರೆ ಅವತ್ತೇ ಹುಡುಕು.

ಹದಿನೈದು ದಿನ ಬಿಟ್ಟು ಹೋದಾಗ ರಟ್ಟಿನ ಕೆಳಗೆ ಕಾಕಾ ತಮ್ಮ ಕೈಯಲ್ಲೇ ಒಂದು ಸಾಲು ಸೇರಿಸಿದ್ದರು: "ಮಗನ ಫೋನ್ ಮಗನಿಗೇ." ಅವತ್ತಿನ ಲೆಕ್ಕದಲ್ಲಿ 10 ರೂಪಾಯಿ ಮಾತ್ರ ವ್ಯತ್ಯಾಸ ಇತ್ತು. ಅದು ನಮಗೇ ಕುಡಿಸಿದ ಚಹಾದ್ದಂತೆ. ಬರೆಯೋದು ಮರೆತಿದ್ದರು.

ನಿಮ್ಮ ಹಾಸ್ಟೆಲ್ ಗೇಟಿನ ಮುಂದೆಯೂ ಬಂಡಿ ನಿಲ್ಲಿಸುವ ಯಾರಾದರೂ ಇರುತ್ತಾರೆ. ಮುಂದಿನ ಮಿನಿ ಪ್ರಾಜೆಕ್ಟಿಗೆ ಮುಂಚೆ ಒಂದು ಸಂಜೆ ಅವರ ಜೊತೆ ಲೆಕ್ಕಕ್ಕೆ ಕೂತು ನೋಡಿ.