ಸಿರಿತನ ಮತ್ತು ಶರೀರದ ಜಮಾಖರ್ಚು

ನಾಡು ಸಿರಿವಂತವಾದಂತೆ ಅಂಟುರೋಗಗಳು ಹಿಂದೆ ಸರಿದು, ಮಧುಮೇಹ ಹೃದ್ರೋಗಗಳಂತಹ ದೀರ್ಘಕಾಲದ ರೋಗಗಳು ಮುಂದೆ ಬರುವುವೆಂದು ನಾವೆಲ್ಲ ಕೇಳಿದ್ದೇವೆ. ಇದನ್ನು ಪರೀಕ್ಷಿಸುವ ಬಗೆ ಹೇಗೆ? ಪ್ರಯೋಗಶಾಲೆಯಲ್ಲಿ ಉಷ್ಣತೆಯನ್ನು ಏರಿಸಿ ಇಳಿಸಿ ನೋಡುವಂತೆ ಒಂದು ದೇಶದ ಸಂಪತ್ತನ್ನು ಏರಿಸಿ ಇಳಿಸಿ ನೋಡಲಾಗದು. ಆದರೆ ಕ್ಯೂಬಾ ದ್ವೀಪದಲ್ಲಿ ಚರಿತ್ರೆಯೇ ಅಂತಹ ಪ್ರಯೋಗವೊಂದನ್ನು ನಡೆಸಿತು. ಅದರ ಬೆಲೆ ತೆತ್ತವರು ಅಲ್ಲಿನ ಜನರು.

1991ರಲ್ಲಿ ಸೋವಿಯತ್ ಒಕ್ಕೂಟವು ಒಡೆದಾಗ, ಅದನ್ನೇ ನೆಚ್ಚಿದ್ದ ಕ್ಯೂಬಾಕ್ಕೆ ತೈಲ ಧಾನ್ಯಗಳ ಸರಬರಾಜು ಬಹುಮಟ್ಟಿಗೆ ತಪ್ಪಿತು. 1993ರ ಹೊತ್ತಿಗೆ ರಾಷ್ಟ್ರೀಯ ಉತ್ಪನ್ನವು ಮೂರನೆಯ ಒಂದು ಪಾಲಿನಷ್ಟು ಕುಸಿದಿತ್ತು. ಬಸ್ಸುಗಳು ವಿರಳವಾದವು, ಅವುಗಳ ಬದಲು ಚೀನಾದ ಸೈಕಲುಗಳು ಲಕ್ಷಗಟ್ಟಲೆ ಬಂದವು. ಜನರು ಉಂಡದ್ದು ಕಡಮೆ, ನಡೆದದ್ದೂ ತುಳಿದದ್ದೂ ಹೆಚ್ಚು. ಸಿಯೆನ್‌ಫ್ಯೂಗೋಸ್ ನಗರದ ಸಮೀಕ್ಷೆಗಳಂತೆ 1991ರಿಂದ 1995ರವರೆಗೆ ವಯಸ್ಕರ ತೂಕ ಸರಾಸರಿ 5.5 ಕಿಲೋಗ್ರಾಂ ಇಳಿಯಿತು. ತರುವಾಯ, 1996ರಿಂದ 2002ರವರೆಗೆ, ಮಧುಮೇಹ ಹೃದ್ರೋಗಗಳಿಂದಾಗುವ ಮರಣಗಳು ತೀವ್ರವಾಗಿ ತಗ್ಗಿದವು.

ಹಾಗಾದರೆ ಬಡತನವೇ ಮದ್ದೆನ್ನೋಣವೆ? ಅವಸರ ಬೇಡ. 1992–93ರಲ್ಲಿ, ಮುಖ್ಯವಾಗಿ ಪೋಷಕಾಂಶಗಳ ಕೊರತೆಯಿಂದ, ಅಲ್ಲಿ ಸುಮಾರು 50,000 ಜನರ ನರಗಳು ಕೆಟ್ಟವು. ಅನೇಕರ ದೃಷ್ಟಿ ಮಂಕಾಯಿತು. ಮನೆಮನೆಗೆ ವಿಟಮಿನ್ ಗುಳಿಗೆಗಳನ್ನು ಹಂಚಬೇಕಾಯಿತು. ಹಸಿವನ್ನು ಹೊಗಳುವವರು ಈ ಪುಟವನ್ನು ಹಾರಿಸಿ ಓದುತ್ತಾರೆ.

ಮುಂದೆ ಆರ್ಥಿಕ ಸ್ಥಿತಿ ಚೇತರಿಸಿತು. ಊಟ ತುಂಬಿತು, ಸೈಕಲು ಮೂಲೆ ಸೇರಿತು. 2010ರ ವೇಳೆಗೆ ತೂಕ ಸುಮಾರು 9 ಕಿಲೋಗ್ರಾಂ ಏರಿತ್ತು. ಮಧುಮೇಹಿಗಳ ಪ್ರಮಾಣ ಇಮ್ಮಡಿಗೂ ಮೀರಿತ್ತು. ಹೆಚ್ಚಿದ ಕೊಬ್ಬು ಯಕೃತ್ತನ್ನೂ ಸ್ನಾಯುಗಳನ್ನೂ ಸೇರಿದಾಗ ಇನ್ಸುಲಿನ್ನಿನ ಆಜ್ಞೆಯನ್ನು ಅವು ಸರಿಯಾಗಿ ಪಾಲಿಸವು. ಸಕ್ಕರೆ ರಕ್ತದಲ್ಲಿಯೇ ಉಳಿಯುವುದು.

ಇಲ್ಲಿ ನಾವು ಒಂದು ಸಣ್ಣ ಲೆಕ್ಕ ಮಾಡೋಣ. ಏರಿದ ತೂಕವೆಲ್ಲವೂ ಕೊಬ್ಬೆಂದೇ ಹಿಡಿದರೆ, ಕಿಲೋಗ್ರಾಮಿಗೆ 7,700 ಕಿಲೋಕ್ಯಾಲೊರಿಯಂತೆ 9 ಕಿಲೋಗ್ರಾಮಿಗೆ 69,300 ಆಯಿತು. ಹದಿನೈದು ವರ್ಷವೆಂದರೆ ಸುಮಾರು 5,475 ದಿನ. ಭಾಗಿಸಿದರೆ ದಿನಕ್ಕೆ ಬರುವುದು ಸುಮಾರು 13 ಕಿಲೋಕ್ಯಾಲೊರಿ, ಒಂದು ಚಹಾ ಚಮಚ ಸಕ್ಕರೆಗಿಂತಲೂ ಕಡಮೆ! ಇದು ದೇಹದ ಖಾತೆಯಲ್ಲಿ ಜಮೆಯಾಗಿ ಉಳಿದ ಪಾಲು ಮಾತ್ರ. ದಪ್ಪಗಾದ ದೇಹವನ್ನು ಪೋಷಿಸಲು ಹೆಚ್ಚಾಗಿ ಉಂಡದ್ದು ಬೇರೆಯೇ ಇದೆ, ಅದು ಇದಕ್ಕಿಂತ ಬಹಳ ದೊಡ್ಡದು. ಆದರೂ ದಿನದ ಉಳಿಕೆ ಇಷ್ಟು ಅಲ್ಪವಾದುದರಿಂದಲೇ ಬೆಳೆಯುತ್ತಿರುವ ನಾಡಿನಲ್ಲಿ ಅದು ಯಾರ ಕಣ್ಣಿಗೂ ಬೀಳದು.

ಇನ್ನೊಂದು ಸಂಗತಿ. ದಪ್ಪ ಕಬ್ಬಿಣದ ತುಂಡಿನ ಒಂದು ಬದಿಯನ್ನು ಕಾಯಿಸಿದರೆ ಇನ್ನೊಂದು ಬದಿ ತಡವಾಗಿ ಬಿಸಿಯಾಗುವುದಷ್ಟೆ. ಕ್ಯೂಬಾದಲ್ಲಿ ತೂಕದ ರೇಖೆ 1995ರ ನಂತರವೇ ಮೇಲಕ್ಕೆ ತಿರುಗಿತು. ಮಧುಮೇಹದ ಮರಣರೇಖೆ ತಿರುಗಿದ್ದು 2002ರ ನಂತರ. ನಡುವಿನ ಆ ಏಳು ವರ್ಷ ಮರಣದ ಅಂಕಿಗಳನ್ನಷ್ಟೇ ನೋಡುತ್ತಿದ್ದವರಿಗೆ ಎಲ್ಲವೂ ಸುಧಾರಿಸುತ್ತಿರುವಂತೆಯೇ ಕಂಡಿರಬೇಕು.